ನೀರೊಳಗಿನ ಒಗ್ಗರಣೆ: ಚಿಟಿಕೆ ಸಿಗಡಿಯ ಸದ್ದು ಕೇಳುವುದು, ರೆಕಾರ್ಡ್ ಮಾಡುವುದು ಹೇಗೆ?

ಎಣ್ಣೆ ಕಾದು ಸಾಸಿವೆ ಸಿಡಿಯುವಾಗ ಚಟಪಟ ಅಂತ ಸದ್ದು ಬರುತ್ತದಲ್ಲ? ಕುಮಟಾ ಹತ್ತಿರದ ಅಘನಾಶಿನಿ ಅಳಿವೆಯಲ್ಲಿ ಮೊದಲ ಸಲ ನೀರಿಗೆ ಮೈಕ್ ಇಳಿಬಿಟ್ಟಾಗ ನನ್ನ ಹೆಡ್‌ಫೋನಿನಲ್ಲಿ ಬಂದದ್ದು ಅದೇ ಸದ್ದು. ವೈರ್ ಲೂಸ್ ಆಗಿದೆ ಅಂದುಕೊಂಡೆ. ಜ್ಯಾಕ್ ಕಿತ್ತು ಮತ್ತೆ ಹಾಕಿದೆ. ಮತ್ತೆ ಚಟಪಟ. ಕೊನೆಗೆ ದೋಣಿ ನಡೆಸುತ್ತಿದ್ದ ಹಿರಿಯರ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವರು ಸ್ವಲ್ಪ ಹೊತ್ತು ಕೇಳಿ ನಕ್ಕರು. "ಇದನಾ ತಮಾ? ರಾತ್ರಿ ದೋಣಿಯಲ್ಲಿ ಮಲ್ಕಂಡ್ರೆ ಕೆಳಗೆ ದಿನಾ ಕೇಳ್ತದೆ."

ನಾನು ಎರಡು ವಾರ ಕೂತು ಮೈಕ್ ಮಾಡಿದ್ದೆ. ಅವರಿಗೆ ದೋಣಿಯ ಹಲಗೆಯೇ ಸಾಕಾಗಿತ್ತು. ಹಾಗಾಗಿ ಈ ಮಾರ್ಗದರ್ಶಿಯನ್ನೂ ದೋಣಿಯ ಹಲಗೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೂ ಮುಂಚೆ ಈ ಸದ್ದು ಹೇಗೆ ಹುಟ್ಟುತ್ತದೆ ಅಂತ ಸ್ವಲ್ಪ ತಿಳಿದುಕೊಳ್ಳೋಣ. ಅದು ಗೊತ್ತಿದ್ದರೆ ಎಂಥ ಮೈಕ್ ಬೇಕು, ಎಲ್ಲಿ ಇಳಿಸಬೇಕು ಅನ್ನುವುದೆಲ್ಲ ತಾನಾಗೇ ತಿಳಿಯುತ್ತದೆ.

ಚಿಟಿಕೆ ಹೊಡೆಯುವ ಇಕ್ಕಳ

ಇದು ಬೆರಳುದ್ದದ ಒಂದು ಸಿಗಡಿ. ಇಂಗ್ಲಿಷಿನವರು ಸ್ನ್ಯಾಪಿಂಗ್ ಶ್ರಿಂಪ್ ಅಥವಾ ಪಿಸ್ತೂಲ್ ಶ್ರಿಂಪ್ ಅನ್ನುತ್ತಾರೆ. ನಾನು ಚಿಟಿಕೆ ಸಿಗಡಿ ಅಂತ ಕರೆಯುತ್ತೇನೆ. ಆಲ್ಫಿಡೇ ಅನ್ನುವ ಕುಟುಂಬ ಇದರದ್ದು, ಅದರಲ್ಲಿ 600ಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವು 3ರಿಂದ 5 ಸೆಂ.ಮೀ. ಉದ್ದ. ಆಲ್ಫಿಯಸ್ ಮಲಬಾರಿಕಸ್ ಅಂತ ಮಲಬಾರಿನ ಹೆಸರು ಹೊತ್ತ ಜಾತಿಯೂ ಇದೆ. ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿಗಟ್ಟಲೆ ಸಿಗುವ ಸಿಗಡಿ ಬೇರೆ, ಇದು ಬೇರೆ. ಇದು ಕಲ್ಲಿನ ಸಂದಿನಲ್ಲಿ, ಸಿಂಪಿಗಳ ನಡುವೆ, ಕೆಸರಿನ ಬಿಲದಲ್ಲಿ ಅಡಗಿರುತ್ತದೆ.

ಇದರ ಮುಂದಿನ ಎರಡು ಇಕ್ಕಳಗಾಲುಗಳಲ್ಲಿ ಒಂದು ಚಿಕ್ಕದು, ಇನ್ನೊಂದು ವಿಪರೀತ ದೊಡ್ಡದು, ಮೈಯ ಅರ್ಧದಷ್ಟು ಉದ್ದ. ದೊಡ್ಡ ಇಕ್ಕಳದ ಒಂದು ದವಡೆಯಲ್ಲಿ ಗೂಟದಂಥ ಉಬ್ಬು, ಇನ್ನೊಂದರಲ್ಲಿ ಅದು ಕೂರುವ ಗುಳಿ. ಸಿಗಡಿ ಇಕ್ಕಳವನ್ನು ತೆರೆದು ಬಿಗಿಹಿಡಿದು ಒಮ್ಮೆಲೇ ಬಿಡುತ್ತದೆ. ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಇಕ್ಕಳ ಮುಚ್ಚಿ, ಗುಳಿಯಲ್ಲಿದ್ದ ನೀರು ಪಿಚಕಾರಿ ಹಾಗೆ ಚಿಮ್ಮುತ್ತದೆ. ವೇಗ ಸೆಕೆಂಡಿಗೆ ಸುಮಾರು 25 ಮೀಟರ್, ಅಂದರೆ ಹೆದ್ದಾರಿಯಲ್ಲಿ ಓಡುವ ಕಾರಿನಷ್ಟು. ಅಷ್ಟು ವೇಗದಲ್ಲಿ ನೀರಿನ ಒತ್ತಡ ಕುಸಿದು ಒಂದು ಗುಳ್ಳೆ ಹುಟ್ಟುತ್ತದೆ. ಮರುಕ್ಷಣವೇ ಸುತ್ತಲಿನ ನೀರು ಅದನ್ನು ಹಿಸುಕಿಹಾಕುತ್ತದೆ. ನಮಗೆ ಕೇಳುವ 'ಚಟ್' ಆ ಗುಳ್ಳೆ ಒಡೆದ ಸದ್ದು.

ಬಹಳ ಕಾಲ ಎಲ್ಲರೂ ಇದು ಇಕ್ಕಳದ ಎರಡು ದವಡೆ ಬಡಿದ ಸದ್ದು ಅಂತಲೇ ನಂಬಿದ್ದರು. 2000ದಲ್ಲಿ ಮೈಕೆಲ್ ವರ್ಸ್ಲೂಯಿಸ್, ಬಾರ್ಬರಾ ಸ್ಮಿಟ್ಸ್, ಡೆಟ್ಲೆಫ್ ಲೋಜೆ ಮತ್ತಿತರರು ಸೆಕೆಂಡಿಗೆ 40,000 ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟು ನೋಡಿದರು. ಇಕ್ಕಳ ಮುಚ್ಚಿದಾಗ ನೀರೊಳಗಿನ ಮೈಕಿನಲ್ಲಿ ಹೇಳಿಕೊಳ್ಳುವಂಥ ಸದ್ದೇ ಇರಲಿಲ್ಲ. ಗುಳ್ಳೆ ಕುಸಿದ ಗಳಿಗೆಯಲ್ಲಿ ಸದ್ದಿನ ಗೆರೆ ಎದ್ದು ನಿಂತಿತು. ಮರುವರ್ಷ ಅದೇ ತಂಡಕ್ಕೆ, ಕುಸಿಯುವ ಗುಳ್ಳೆಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಬೆಳಕಿನ ಮಿಂಚೂ ಸಿಕ್ಕಿತು. ಆ ಕ್ಷಣ ಗುಳ್ಳೆಯೊಳಗಿನ ಬಿಸಿ ಕಡಿಮೆ ಅಂದರೂ 5,000 ಕೆಲ್ವಿನ್.

ಗುಳ್ಳೆಯ ಸದ್ದು ತೀರಾ ಚಿಕ್ಕದು, ತೀರಾ ಚೂಪು. ಇದರಲ್ಲಿ ಗುಂಯ್ ಅನ್ನುವ ದಪ್ಪ ಸ್ವರ ಇಲ್ಲ. ಜೋರು ಇರುವುದು ಹೆಚ್ಚಾಗಿ 2ರಿಂದ 5 ಕಿಲೋಹರ್ಟ್ಸ್ ಸುತ್ತ. ಬಾಲ ಮಾತ್ರ 200 ಕಿಲೋಹರ್ಟ್ಸ್‌ವರೆಗೂ ಹೋಗುತ್ತದೆ. ಅಗ್ಗದ ಮೈಕುಗಳು ದಪ್ಪ ಸ್ವರವನ್ನು ಸರಿಯಾಗಿ ಹಿಡಿಯುವುದಿಲ್ಲ. ಈ ಕೆಲಸಕ್ಕೆ ಅದರಿಂದ ನಷ್ಟವಿಲ್ಲ.

ಮೊದಲು ಬರೀ ಕಿವಿ

ದಡದಲ್ಲಿ ನಿಂತರೆ ಏನೂ ಕೇಳುವುದಿಲ್ಲ. ನೀರಿನಿಂದ ಗಾಳಿಗೆ ದಾಟುವಾಗ ಸದ್ದಿನ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಹೊರಬರುತ್ತದೆ, ಉಳಿದದ್ದು ವಾಪಸ್ ನೀರಿಗೇ.

ಅದಕ್ಕೆ ಮರದ ಹುಟ್ಟು ಬೇಕು. ಎಂಜಿನ್ ನಿಲ್ಲಿಸಿ, ಹುಟ್ಟಿನ ಅಗಲ ತುದಿಯನ್ನು ನೀರಿಗೆ ಇಳಿಸಿ, ಹಿಡಿಯ ತುದಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಹಿಡಿಯಿರಿ. ಉಸಿರು ಬಿಗಿಹಿಡಿದು ಹತ್ತು ಎಣಿಸಿ. ಹುಟ್ಟು ಸಿಗದಿದ್ದರೆ ದೋಣಿಯ ಒಳಗೆ ತಳದ ಹಲಗೆಗೆ ಕಿವಿ ಆನಿಸಿ. ಈಜು ಬರುವವರು ಸಮುದ್ರ ಶಾಂತವಾಗಿದ್ದಾಗ, ಕಲ್ಲುಬಂಡೆಗಳ ಹತ್ತಿರ ಸೊಂಟದಷ್ಟು ನೀರಿನಲ್ಲಿ ತಲೆ ಮುಳುಗಿಸಿದರೂ ಸಾಕು. ನೇತ್ರಾಣಿಯಲ್ಲಿ ಡೈವಿಂಗ್ ಮಾಡಿದವರನ್ನು ಕೇಳಿ ನೋಡಿ. ಅವರಿಗೆ ಕೇಳಿದ ಆ ಚಿಟಪಟ ಅವರ ಉಸಿರಿನ ಗುಳ್ಳೆಯದ್ದಲ್ಲ.

ಒಂದೇ ಸಮನೆ ಒಗ್ಗರಣೆಯ ಹಾಗೆ ಕೇಳಿದರೆ ಸಿಗಡಿ ತುಂಬಾ ಇವೆ ಅಂತ. ಬಿಡಿಬಿಡಿಯಾಗಿ ಚಟ್... ಚಟ್ ಅಂದರೆ ಹತ್ತಿರದಲ್ಲಿ ಒಂದೆರಡು ಇವೆ ಅಂತ. ಇಷ್ಟು ಕೇಳಿದ ಮೇಲೆ ಮೈಕ್ ಮಾಡಲು ಕೂತರೆ ಉತ್ಸಾಹ ಬೇರೆಯೇ ಇರುತ್ತದೆ.

ಮನೆಯಲ್ಲೇ ಹೈಡ್ರೋಫೋನ್

ನೀರೊಳಗಿನ ಮೈಕಿಗೆ ಹೈಡ್ರೋಫೋನ್ ಅನ್ನುತ್ತಾರೆ. ಅದರ ಹೃದಯ ಒಂದು ಪೀಜೋ ಡಿಸ್ಕ್. ಬಜರ್ ಒಳಗೆ ಇರುವ ಹಿತ್ತಾಳೆಯ ತೆಳು ಬಿಲ್ಲೆ, ಮೇಲೆ ಬಿಳಿ ಸೆರಾಮಿಕ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. 27 ಮಿ.ಮೀ. ಅಳತೆಯದ್ದನ್ನು ಮೂರು ತನ್ನಿ. ಒಂದು ಒಡೆಯುತ್ತದೆ, ಒಂದು ಬೆಸುಗೆಯಲ್ಲಿ ಸುಡುತ್ತದೆ, ಒಂದು ಉಳಿಯುತ್ತದೆ. ಜೊತೆಗೆ ಬೇಕಾದದ್ದು 5 ಮೀಟರ್ ಶೀಲ್ಡೆಡ್ ಮೈಕ್ ಕೇಬಲ್, 3.5 ಮಿ.ಮೀ. ಜ್ಯಾಕ್, ಎರಡು ಟ್ಯೂಬಿನ ಅರಾಲ್ಡೈಟ್, ಕೆಮ್ಮಿನ ಸಿರಪ್ ಬಾಟಲಿಯ ಅಳತೆ ಮುಚ್ಚಳ.

1. ಕೇಬಲಿನ ಹೊರಗಿನ ಜಾಲರಿಯನ್ನು ಹಿತ್ತಾಳೆಗೆ ಬೆಸೆಯಿರಿ, ಒಳಗಿನ ತಂತಿಯನ್ನು ಬಿಳಿ ಸೆರಾಮಿಕ್ಕಿಗೆ. ಸೆರಾಮಿಕ್ ಮೇಲೆ ಬೆಸುಗೆ ಐರನ್ ಎರಡು ಸೆಕೆಂಡಿಗಿಂತ ಜಾಸ್ತಿ ಇಡಬೇಡಿ. ಈಗಾಗಲೇ ವೈರ್ ಬೆಸೆದ ಡಿಸ್ಕ್ ಸಿಕ್ಕರೆ ಅದನ್ನೇ ಕೊಳ್ಳಿ, ಇದರಲ್ಲಿ ಹಟ ಬೇಡ.

2. ಮುಚ್ಚಳದಲ್ಲಿ ಡಿಸ್ಕ್ ಕೂರುತ್ತದೆಯೇ ಅಂತ ಮೊದಲು ಇಟ್ಟು ನೋಡಿ. ಅರಾಲ್ಡೈಟ್ ಕಲಸಿ ತಳಕ್ಕೆ ಸ್ವಲ್ಪ ಹಾಕಿ, ಡಿಸ್ಕ್ ಇಟ್ಟು, ಮೇಲೆ ಮತ್ತೆ ತುಂಬಿ. ಗಾಳಿಗುಳ್ಳೆ ಕಂಡರೆ ಸೂಜಿಯಿಂದ ಒಡೆಯಿರಿ. ಒಳಗೆ ಉಳಿದ ಗುಳ್ಳೆ ಸದ್ದನ್ನು ನುಂಗುತ್ತದೆ.

3. ಕೇಬಲ್ ಹೊರಬರುವ ಜಾಗದಲ್ಲಿ ಅಂಟು ಕೇಬಲಿನ ಪ್ಲಾಸ್ಟಿಕ್ ಮೇಲೂ ಎರಡು ಸೆಂ.ಮೀ. ಹತ್ತಬೇಕು. ಪೂರ್ತಿ ಒಂದು ದಿನ ಒಣಗಲು ಬಿಡಿ.

ಮೂರನೆಯದರಲ್ಲಿ ನಾನು ಸೋತಿದ್ದೇನೆ. ಸಂಜೆ ಅಂಟು ಹಾಕಿ ಬೆಳಿಗ್ಗೆ ಬಸ್ ಹತ್ತಿದ್ದೆ. ಅಂಟು ಮೇಲೆ ಗಟ್ಟಿ, ಕೇಬಲ್ ಬುಡದಲ್ಲಿ ಇನ್ನೂ ಚೂಯಿಂಗ್ ಗಮ್. ನೀರಿಗೆ ಬಿಟ್ಟು ಹತ್ತು ನಿಮಿಷಕ್ಕೆ ಉಪ್ಪುನೀರು ಒಳಹೊಕ್ಕು ಗೊರಗೊರ ಶುರುವಾಯಿತು, ಆಮೇಲೆ ಪೂರ್ತಿ ಮೌನ. ಅಷ್ಟು ದೂರ ಹೋಗಿ ಮೀನೂಟ ಮಾಡಿ ವಾಪಸ್ ಬಂದೆ.

ದುಬಾರಿ ಹೈಡ್ರೋಫೋನ್‌ಗಳಲ್ಲಿ ಕೆಲವಕ್ಕೆ ಒಳಗೆ ಹರಳೆಣ್ಣೆ ತುಂಬಿರುತ್ತಾರೆ. ನೀರಿನಲ್ಲಿ ಹೋದ ಹಾಗೆಯೇ ಸದ್ದು ಅದರಲ್ಲೂ ಸಲೀಸಾಗಿ ಹೋಗುತ್ತದೆ. ನಮ್ಮ ಅಜ್ಜಿ ಕೇಳಿದ್ದರೆ ಹರಳೆಣ್ಣೆಗೆ ಇನ್ನೊಂದು ಉಪಯೋಗ ಸೇರಿಸಿಕೊಳ್ಳುತ್ತಿದ್ದರು.

ಇನ್ನು ಫೋನಿಗೆ ಜೋಡಿಸುವುದು. ಫೋನಿಗೆ ನಾಲ್ಕು ಪಟ್ಟಿಯ ಜ್ಯಾಕ್ ಬೇಕು. ಜ್ಯಾಕ್ ತೂತಿಲ್ಲದ ಫೋನಿಗೆ ಮೈಕ್ ಹಿಡಿಯುವ ಟೈಪ್-ಸಿ ಅಡಾಪ್ಟರ್ ಕೂಡ ಬೇಕು. ಕೆಲವು ಫೋನುಗಳು ಪೀಜೋವನ್ನು ಮೈಕ್ ಅಂತ ಗುರುತಿಸುವುದೇ ಇಲ್ಲ. ಆಗ ಜ್ಯಾಕಿನ ಹತ್ತಿರ ಎರಡು ತಂತಿಗಳ ನಡುವೆ 2.2 ಕಿಲೋ ಓಮಿನ ಒಂದು ರೆಸಿಸ್ಟರ್ ಬೆಸೆಯಿರಿ. ಇದರಿಂದ ದಪ್ಪ ಸ್ವರಗಳು ಇನ್ನಷ್ಟು ಕ್ಷೀಣಿಸುತ್ತವೆ. ಸಂಗೀತಕ್ಕಾದರೆ ಅದು ದೋಷ. ಇಲ್ಲಿ ಅಲೆಯ ಗುಡುಗುಡು ಬಿದ್ದುಹೋಗಿ ಸಿಗಡಿ ಉಳಿಯುತ್ತದೆ. ಮೈಕ್ ತೂತಿರುವ ಚಿಕ್ಕ ರೆಕಾರ್ಡರ್ ಇದ್ದರೆ ಫೋನಿನ ಗೋಜೇ ಬೇಡ.

ಬಕೆಟ್ ಪರೀಕ್ಷೆ

ಹೊರಡುವ ಮುಂಚೆ ಒಂದು ಬಕೆಟ್ ನೀರಿಗೆ ಮೈಕ್ ಇಳಿಸಿ, ನಾಲ್ಕು ಕಾಳು ಮರಳು ಉದುರಿಸಿ. ತಳಕ್ಕೆ ತಾಗಿದ ಟಿಕ್ ಟಿಕ್ ಸ್ಪಷ್ಟ ಕೇಳಬೇಕು. ಬರೀ ಗುಂಯ್ ಅಂದರೆ ಅದು ಮನೆಯ ಕರೆಂಟಿನ 50 ಹರ್ಟ್ಸ್ ಸದ್ದು. ಜಾಲರಿಯ ಬೆಸುಗೆ ಬಿಟ್ಟಿರುತ್ತದೆ ಅಥವಾ ಜ್ಯಾಕಿನಲ್ಲಿ ತಂತಿ ಅದಲುಬದಲಾಗಿರುತ್ತದೆ. ಮೈಕನ್ನು ರಾತ್ರಿಯಿಡೀ ಉಪ್ಪು ಹಾಕಿದ ನೀರಿನಲ್ಲಿ ಬಿಡಿ. ಬೆಳಿಗ್ಗೆಯೂ ಟಿಕ್ ಟಿಕ್ ಕೇಳಿದರೆ ಬಸ್ ಹತ್ತಬಹುದು.

ಎಲ್ಲಿ, ಯಾವಾಗ?

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ನೌಕಾಪಡೆಗೆ ಇದೇ ಚಟಪಟ ದೊಡ್ಡ ತಲೆನೋವಾಗಿತ್ತು. ನೀರೊಳಗೆ ಶತ್ರುವಿನ ಸದ್ದು ಆಲಿಸಲು ಹೋದರೆ ಬರೀ ಗಲಾಟೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯುದ್ಧ ಸಂಶೋಧನಾ ವಿಭಾಗದಲ್ಲಿದ್ದ ಮಾರ್ಟಿನ್ ಜಾನ್ಸನ್, ಆಲ್ಟನ್ ಎವರೆಸ್ಟ್ ಮತ್ತು ರಾಬರ್ಟ್ ಯಂಗ್ ಈ ಗಲಾಟೆಯ ಮೂಲ ಸಿಗಡಿ ಅಂತ ತೋರಿಸಿ 1947ರಲ್ಲಿ ಪ್ರಬಂಧ ಪ್ರಕಟಿಸಿದರು. ಅವರ ಲೆಕ್ಕಾಚಾರ ಇವತ್ತಿಗೂ ಜಾಗ ಹುಡುಕಲು ಸಾಕು: ಬೆಚ್ಚಗಿನ ನೀರು, ಸುಮಾರು 55 ಮೀಟರಿಗಿಂತ ಕಡಿಮೆ ಆಳ, ಅಡಗಲು ಕಲ್ಲು, ಚಿಪ್ಪು ಅಥವಾ ಹವಳ ಇರುವ ತಳ. ಬರೀ ಮರಳಿನ ಬಯಲಿನಲ್ಲಿ ಕಡಿಮೆ.

ನಮ್ಮ ಕರಾವಳಿಯಲ್ಲಿ ಇವೆಲ್ಲ ಒಟ್ಟಿಗೇ ಸಿಗುತ್ತವೆ. ಅಘನಾಶಿನಿ, ಶರಾವತಿ, ಗಂಗೊಳ್ಳಿಯ ಅಳಿವೆಗಳು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳ ಬುಡ. ಹಳೆಯ ಜೆಟ್ಟಿಯ ಕಂಬಗಳು, ಅದರಲ್ಲೂ ಸಿಂಪಿ ಮೆತ್ತಿಕೊಂಡವು. ಹೊಸಬರಿಗೆ ನನ್ನ ಸಲಹೆ ಜೆಟ್ಟಿ. ಈಜಬೇಕಿಲ್ಲ, ದೋಣಿ ಬಾಡಿಗೆ ಇಲ್ಲ. ಸುಮ್ನೆ ಹಗ್ಗ ಇಳಿಬಿಟ್ಟರೆ ಆಯಿತು. ಅಲ್ಲಿನವರ ಹತ್ತಿರ ಒಂದು ಮಾತು ಕೇಳಿಕೊಳ್ಳಿ. ಹೆಡ್‌ಫೋನ್ ಹಾಕಿಕೊಂಡು ನೀರಿಗೆ ವೈರ್ ಬಿಡುವವನನ್ನು ಕಂಡರೆ ಯಾರಿಗಾದರೂ ಅನುಮಾನ ಬರದೆ ಇರುತ್ತದಾ? ಕಾರವಾರದಲ್ಲಿ ನೌಕಾನೆಲೆ ಇದೆ, ಅದರ ಆಸುಪಾಸು ಈ ಸಾಹಸ ಬೇಡವೇ ಬೇಡ.

ಸಮಯಕ್ಕೆ ಬಂದರೆ, ಮಳೆಗಾಲ ಬಿಟ್ಟುಬಿಡಿ. ಸಮುದ್ರ ಅಪಾಯ, ಮೈಕಿಗೆ ಅಲೆಯ ಸದ್ದೇ ತುಂಬುತ್ತದೆ. ಡಿಸೆಂಬರಿನಿಂದ ಮಾರ್ಚ್ ಚೆನ್ನ. ಸೂರ್ಯ ಹುಟ್ಟುವ, ಮುಳುಗುವ ಹೊತ್ತಿಗೆ ಸಿಡಿತ ಸಾಮಾನ್ಯವಾಗಿ ಏರುತ್ತದೆ. ಉಬ್ಬರ ತುಂಬಿ ನೀರು ನಿಂತ ಅರ್ಧ ಗಂಟೆ ಹುಡುಕಿಕೊಳ್ಳಿ. ನೀರು ಓಡುವಾಗ ಕೇಬಲ್ ತಂಬೂರಿಯ ಹಾಗೆ ಮಿಡಿಯುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಅನ್ನುವುದು ನೆನಪಿರಲಿ. ಇವತ್ತಿನ ಸಮಯ ನಾಳೆಗೆ ನಡೆಯುವುದಿಲ್ಲ. ಸಿಂಪಿ ಬಂಡೆಯ ಮೇಲೆ ಬರಿಗಾಲಲ್ಲಿ ನಡೆಯಬೇಡಿ. ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಇಳಿಸುವುದು, ರೆಕಾರ್ಡ್ ಮಾಡುವುದು

ಕೇಬಲನ್ನೇ ಹಗ್ಗ ಮಾಡಬೇಡಿ. ಬೇರೆ ಹಗ್ಗಕ್ಕೆ ಬಲೆಯ ಸೀಸದ ಗುಂಡು ಕಟ್ಟಿ. ಗುಂಡಿನಿಂದ ಒಂದಡಿ ಮೇಲೆ ಮೈಕನ್ನು ಎರಡು ರಬ್ಬರ್ ಬ್ಯಾಂಡಿನಲ್ಲಿ ತೂಗುಹಾಕಿ. ಗುಂಡು ತಳಕ್ಕೆ ತಾಗಿದ ಮೇಲೆ ಅರ್ಧ ಮೀಟರ್ ಮೇಲೆತ್ತಿ ಕಟ್ಟಿ. ಕಂಬಕ್ಕೆ ಉಜ್ಜಬಾರದು. ಕೈಯಲ್ಲಿ ಹಿಡಿದು ಕೂತರೆ ನಿಮ್ಮ ನಾಡಿಬಡಿತವೂ ರೆಕಾರ್ಡ್ ಆದೀತು.

ಆಪ್ ಯಾವುದಾದರೂ ಇರಲಿ, ಮೂರು ವಿಷಯ ನೋಡಿ. ಫೈಲ್ ವೇವ್ ರೂಪದಲ್ಲಿರಬೇಕು, ಎಂಪಿ3 ಈ ಚೂಪು ಸದ್ದನ್ನು ಮಸುಕು ಮಾಡುತ್ತದೆ. ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್. ನಾಯ್ಸ್ ರಿಡಕ್ಷನ್ ಮತ್ತು ಆಟೋ ಗೇನ್ (ಸದ್ದಿನ ಮಟ್ಟವನ್ನು ಆಪ್ ತಾನೇ ಏರಿಳಿಸುವುದು) ಎರಡೂ ಬಂದ್. ಮೊದಲನೆಯದು ಸಿಗಡಿಯನ್ನೇ ಗಲಾಟೆ ಅಂತ ಅಳಿಸುತ್ತದೆ, ಎರಡನೆಯದು ಒಂದೊಂದು ಸಿಡಿತಕ್ಕೂ ಒಂದೊಂದು ಅಳತೆಗೋಲು ಇಡುತ್ತದೆ. ಅತಿ ಜೋರಿನ ಸಿಡಿತಕ್ಕೆ ಮೀಟರ್ ಕೆಂಪು ಮುಟ್ಟದಷ್ಟು ಗೇನ್ ಇಟ್ಟು, ಆಮೇಲೆ ಅದನ್ನು ಮುಟ್ಟಬೇಡಿ. ಐದೈದು ನಿಮಿಷದ ತುಣುಕು ಸಾಕು. ಶುರುವಿನಲ್ಲಿ ಬಾಯಲ್ಲೇ ಹೇಳಿ: ಜಾಗ, ಹೊತ್ತು, ಉಬ್ಬರವೋ ಇಳಿತವೋ, ಮೈಕಿನ ಆಳ. ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ ಅಂದವರ ಪುಸ್ತಕ ನೀರಿಗೆ ಬೀಳುತ್ತದೆ.

ಗೆರೆ ಎಣಿಸುವುದು

ಮನೆಗೆ ಬಂದು ಫೈಲನ್ನು ಆಡಾಸಿಟಿ ಅನ್ನುವ ಸದ್ದು ತಿದ್ದುವ ತಂತ್ರಾಂಶದಲ್ಲಿ ತೆರೆಯಿರಿ. ಇದು ಉಚಿತ. ದಪ್ಪ ಸ್ವರ ತಡೆಯುವ ಹೈ-ಪಾಸ್ ಫಿಲ್ಟರ್ 1,500 ಹರ್ಟ್ಸ್‌ಗೆ ಹಾಕಿದರೆ ಅಲೆ, ದೋಣಿಯ ಗುಡುಗುಡು ಬಹುಪಾಲು ಹೋಗುತ್ತದೆ. ಆಮೇಲೆ ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ (ಸದ್ದಿನ ಚಿತ್ರ: ದಪ್ಪ ಸ್ವರ ಕೆಳಗೆ, ಚೂಪು ಸ್ವರ ಮೇಲೆ) ಬದಲಿಸಿ, ವಿಂಡೋ ಗಾತ್ರ 256 ಇಡಿ. ಈಗ ಒಂದೊಂದು ಸಿಡಿತವೂ ಕೆಳಗಿನಿಂದ ಮೇಲಿನವರೆಗೆ ಎಳೆದ ನೆಟ್ಟಗಿನ ಗೆರೆ, ಬಾಚಣಿಗೆಯ ಹಲ್ಲಿನ ಹಾಗೆ. ಹತ್ತಿರದ ಸಿಗಡಿಯ ಗೆರೆ ಢಾಳಾಗಿರುತ್ತದೆ, ದೂರದ್ದು ಮಸುಕು.

ಹತ್ತು ಸೆಕೆಂಡಿನ ಐದು ತುಣುಕು ಆರಿಸಿ, ಢಾಳಾದ ಗೆರೆಗಳನ್ನು ಎಣಿಸಿ, ಸರಾಸರಿ ತೆಗೆಯಿರಿ. ಒಂದು ಸಂಖ್ಯೆಗೆ ಅರ್ಥವಿಲ್ಲ. ಅದೇ ಜಾಗ, ಅದೇ ಆಳ, ಅದೇ ಗೇನ್ ಇಟ್ಟು ಬೆಳಿಗ್ಗೆಗೂ ಸಂಜೆಗೂ, ಜನವರಿಗೂ ಏಪ್ರಿಲಿಗೂ ಹೋಲಿಸಿದಾಗ ಅದು ಮಾತಾಡುತ್ತದೆ. ನೀರು ಬಿಸಿಯಾದಂತೆ ಸಿಡಿತ ಹೆಚ್ಚುತ್ತದೆ ಅಂತ ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯವರು ತೋರಿಸಿದ್ದಾರೆ, ಹಾಗಾಗಿ ಒಂದು ಥರ್ಮಾಮೀಟರ್ ಜೊತೆಗಿರಲಿ.

ಈ ಎಣಿಕೆ ಬರೀ ಕಾಲಹರಣ ಅಲ್ಲ. ಸದ್ದಿರುವ ಹವಳ, ಸಿಂಪಿಯ ದಿಬ್ಬ ಜೀವ ಇರುವ ದಿಬ್ಬ. ಸಿಂಪಿಯ ಮರಿಗಳು ನೆಲೆ ಹುಡುಕುವಾಗ ಈ ಸದ್ದಿನ ಜಾಡು ಹಿಡಿಯುತ್ತವೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಸತ್ತ ಹವಳದ ಗುಡ್ಡೆಗಳ ಬಳಿ ನೀರೊಳಗೆ ಸ್ಪೀಕರ್ ಇಟ್ಟು, ಆರೋಗ್ಯವಾಗಿರುವ ಹವಳದ ಸದ್ದು ಹಾಕಿದರು. ಸದ್ದಿಲ್ಲದ ಗುಡ್ಡೆಗಳಿಗಿಂತ ಅಲ್ಲಿ ಎರಡರಷ್ಟು ಮೀನು ಬಂದವು. ಇದು ಪ್ರಕಟವಾದದ್ದು 2019ರಲ್ಲಿ.

ಇನ್ನು ಡೆಸಿಬೆಲ್ ವಿಷಯ. 'ಈ ಸಿಗಡಿಯ ಸದ್ದು ಜೆಟ್ ವಿಮಾನಕ್ಕಿಂತ ಜೋರು' ಅಂತ ವಾಟ್ಸಾಪಿನಲ್ಲಿ ಓಡಾಡುತ್ತದೆ. ಹವಾಯಿಯಲ್ಲಿ ಒಂದು ಮೀಟರ್ ದೂರಕ್ಕೆ ಲೆಕ್ಕ ಹಾಕಿ 183ರಿಂದ 189 ಡೆಸಿಬೆಲ್ ಅಂತ ದಾಖಲಿಸಿದ್ದು ನಿಜ. ಆದರೆ ಅದು ನೀರಿನ ಡೆಸಿಬೆಲ್. ಗಾಳಿಯ ಅಳತೆಗೆ ತರಲು ಸುಮಾರು 62 ಕಳೆಯಬೇಕು. ಮೇಲಾಗಿ ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಚಿಕ್ಕ ಹೊತ್ತಿನ ತುತ್ತತುದಿ. ನಮ್ಮ ಮನೆಮೈಕಿನಲ್ಲಂತೂ ಡೆಸಿಬೆಲ್ ಅಳೆಯಲು ಆಗುವುದೇ ಇಲ್ಲ. ಎಣಿಸಬಹುದು, ಹೋಲಿಸಬಹುದು, ಅಷ್ಟೇ.

ಬೇರೆ ಸದ್ದುಗಳೂ ಬರುತ್ತವೆ. ಡೋಲು ತಟ್ಟಿದ ಹಾಗೆ ಗುಟುರು ಸರಣಿ ಬಂದರೆ ಕಲ್ಲೂರು (ಇಂಗ್ಲಿಷಿನಲ್ಲಿ ಕ್ರೋಕರ್) ಅನ್ನುವಂಥ ಮೀನು ಇರಬಹುದು, ಅದು ಗಾಳಿಚೀಲವನ್ನು ಸ್ನಾಯುವಿನಿಂದ ಬಾರಿಸುತ್ತದೆ. ಸ್ಪೆಕ್ಟ್ರೋಗ್ರಾಮಿನಲ್ಲಿ ಅದು ಕೆಳಗೇ ಉಳಿಯುತ್ತದೆ, ಸಿಗಡಿಯ ಗೆರೆಯಷ್ಟು ಎತ್ತರ ಏರುವುದಿಲ್ಲ. ಇದನ್ನು ಕೇಳಬೇಕಿದ್ದರೆ ಹೈ-ಪಾಸ್ ಹಾಕದ ಮೂಲ ಫೈಲ್ ಇಟ್ಟುಕೊಂಡಿರಿ. ಮಳೆಹನಿ ಬಿದ್ದರೆ ಜರಡಿ ಹಿಡಿದ ಹಾಗೆ ಒಂದೇ ಸಮನೆ ಸದ್ದು.

ಎರಡು ಮೈಕ್ ಇದ್ದರೆ

ಮೂರು ಡಿಸ್ಕ್ ತನ್ನಿ ಅಂದಿದ್ದೆನಲ್ಲ. ನಿಮ್ಮ ಕೈ ಚೆನ್ನಾಗಿದ್ದು ಎರಡು ಉಳಿದಿದ್ದರೆ ಇದನ್ನು ಮಾಡಿ ನೋಡಿ. ಒಂದು ಮೀಟರ್ ಉದ್ದದ ಪಿವಿಸಿ ಪೈಪಿನ ಎರಡು ತುದಿಗೆ ಎರಡು ಮೈಕ್ ಕಟ್ಟಿ, ಎಡ ಬಲ ಚಾನೆಲ್ ಇರುವ ರೆಕಾರ್ಡರಿಗೆ ಕೊಡಿ. ಪೈಪನ್ನು ಅಡ್ಡಲಾಗಿ ಇಳಿಸಿ. ಸದ್ದು ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಸಿಗಡಿ ಪೈಪಿನ ಒಂದು ತುದಿಯ ನೇರಕ್ಕೆ ಇದ್ದರೆ ಎರಡು ಮೈಕುಗಳ ನಡುವೆ 32 ಸ್ಯಾಂಪಲ್ ವ್ಯತ್ಯಾಸ ಬರುತ್ತದೆ. ನಟ್ಟನಡು ಎದುರಿಗಿದ್ದರೆ ಸೊನ್ನೆ. 16 ಬಂದರೆ ನಡುಗೆರೆಯಿಂದ 30 ಡಿಗ್ರಿ ವಾರೆ. ಪೈಪಿನ ಮುಂದೋ ಹಿಂದೋ ಅನ್ನುವುದು ಮಾತ್ರ ಇದರಿಂದ ತಿಳಿಯದು. ಪೈಪನ್ನು ತಿರುಗಿಸಿ ಇನ್ನೊಮ್ಮೆ ರೆಕಾರ್ಡ್ ಮಾಡಬೇಕು. ನನ್ನ ರೆಕಾರ್ಡಿಂಗಿನಲ್ಲಿ ಒಂದು ಜೋರು ಸಿಡಿತ ಮತ್ತೆ ಮತ್ತೆ 11, 12, 11 ಅಂತಲೇ ಬರುತ್ತಿತ್ತು. ಆ ದಿಕ್ಕಿಗೆ ನೋಡಿದರೆ ಜೆಟ್ಟಿಯ ಮೂರನೇ ಕಂಬ, ನೀರಿನ ಮಟ್ಟದವರೆಗೂ ಸಿಂಪಿ.

ಕೆಲಸ ಮುಗಿದ ಕೂಡಲೇ ಮೈಕು, ಕೇಬಲು, ಹಗ್ಗ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಜ್ಯಾಕನ್ನು ತೊಳೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಉಪ್ಪು ಉಳಿದರೆ ವಾರದೊಳಗೆ ಹಸಿರು ಕಿಲುಬು ಹಿಡಿದು, ಮುಂದಿನ ಸಲ ಕೇಳುವ ಚಟಪಟ ನಿಜಕ್ಕೂ ಲೂಸ್ ಕನೆಕ್ಷನ್ನಿನದ್ದೇ ಆಗಿರುತ್ತದೆ.